ಹಲ್ಲಿಗೂ ಇದೆ ನಾಟಿಯ ವಯಸ್ಸು

ಮನುಷ್ಯನ ಬಾಯಲ್ಲಿ ಮೂಡುವ ಹಲ್ಲುಗಳಲ್ಲಿ ಅತಿ ದೂರದಿಂದ ನಡೆದು ಬರುವುದು ಮೇಲಿನ ಕೋರೆ ಹಲ್ಲು. ಮಗು ಹುಟ್ಟಿ ನಾಲ್ಕೈದು ತಿಂಗಳಾಗುವಷ್ಟರಲ್ಲೇ ಮೂಗಿನ ಪಕ್ಕದ ಎಲುಬಿನೊಳಗೆ ಅದರ ತಲೆ ಗಟ್ಟಿಯಾಗತೊಡಗುತ್ತದೆ. ಅಲ್ಲಿಂದ ಇಳಿದು, ವಸಡು ಸೀಳಿ ಹೊರಗೆ ಬರುವಾಗ ಮಗುವಿಗೆ ಹನ್ನೊಂದೋ ಹನ್ನೆರಡೋ ತುಂಬಿರುತ್ತದೆ. ಐದನೇ ವಯಸ್ಸಿನಿಂದ ಹದಿನೈದರವರೆಗೆ ಈ ಹಲ್ಲು ಸುಮಾರು 22 ಮಿಲಿಮೀಟರ್ ಸರಿಯುತ್ತದೆ ಎಂದು ವರ್ಷ ವರ್ಷದ ಎಕ್ಸ್‌ರೇಗಳನ್ನು ಜೋಡಿಸಿ ಲೆಕ್ಕ ಹಾಕಿದವರಿದ್ದಾರೆ. ದೂರ ಅಷ್ಟೇ, ಆದರೆ ದಾರಿ ನೇರವಾದದ್ದಲ್ಲ. ಪಕ್ಕದ ಬಾಚಿ ಹಲ್ಲಿನ ಬೇರಿಗೆ ಒರಗಿ, ಅದರ ಗುಂಟ ಜಾರುತ್ತ ಬರಬೇಕು. ಆ ಬಾಚಿ ಹಲ್ಲು ಹುಟ್ಟದೇ ಇದ್ದರೆ, ಅಥವಾ ಹುಟ್ಟಿಯೂ ತೀರ ಚಿಕ್ಕದಾಗಿದ್ದರೆ, ಕೋರೆ ಹಲ್ಲಿಗೆ ಆಸರೆ ತಪ್ಪುತ್ತದೆ. ಆಸರೆ ತಪ್ಪಿದ ಹಲ್ಲು ಅಂಗುಳಿನ ಕಡೆಗೆ ಹೊರಳಿ, ಎಲುಬಿನೊಳಗೇ ಅಡ್ಡ ಮಲಗಿಬಿಡುವುದುಂಟು.

ನೂರು ಮಕ್ಕಳಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ. ಹುಡುಗರಿಗಿಂತ ಹುಡುಗಿಯರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಆಗಿದ್ದರೆ ಮುಂದಿನ ಮಗುವಿಗೂ ಆಗುವ ಸಂಭವ ಹೆಚ್ಚುತ್ತದೆ. ದಂತವೈದ್ಯರು ಇಂಪ್ಯಾಕ್ಟೆಡ್ ಹಲ್ಲು ಎನ್ನುವುದು ಹೀಗೆ ಸಿಕ್ಕಿಕೊಂಡ ಹಲ್ಲನ್ನೇ. ಬುದ್ಧಿ ಹಲ್ಲನ್ನು ಬಿಟ್ಟರೆ ಈ ಪಟ್ಟಿಯಲ್ಲಿ ಮೇಲಿನ ಕೋರೆಯದೇ ಮೊದಲ ಹೆಸರು. ಬೇರೆ ಹಲ್ಲುಗಳೂ ಇಲ್ಲದಿಲ್ಲ. ಎಳೆ ವಯಸ್ಸಿನಲ್ಲಿ ಮಗು ಬಿದ್ದು ಹಾಲು ಹಲ್ಲಿಗೆ ಪೆಟ್ಟಾದರೆ, ಅದರ ಮೇಲೆ ಬೆಳೆಯುತ್ತಿದ್ದ ಶಾಶ್ವತ ಬಾಚಿ ಹಲ್ಲಿನ ಬೇರು ಸೊಟ್ಟಗಾಗಿ ಒಳಗೇ ನಿಲ್ಲಬಹುದು. ಎರಡನೇ ದವಡೆ ಹಲ್ಲು ಮೊದಲನೆಯದರ ಬುಡಕ್ಕೆ ತಗುಲಿ ಮೇಲೇಳದೇ ಉಳಿಯಬಹುದು.

ಇದರ ದೊಡ್ಡ ತೊಂದರೆಯೆಂದರೆ ತೊಂದರೆಯೇ ಕಾಣಿಸದಿರುವುದು. ನೋವಿಲ್ಲ, ಬಾವಿಲ್ಲ. ಬೀಳಬೇಕಾದ ಹಾಲು ಹಲ್ಲು ಬೀಳದೆ ಹಾಗೇ ನಿಂತಿರುತ್ತದೆ. ಹದಿಮೂರಾದರೂ ಹಾಲು ಹಲ್ಲು ಎಷ್ಟು ಗಟ್ಟಿಯಾಗಿದೆ ನೋಡಿ ಎಂದು ಮನೆಯವರು ಸಂತೋಷಪಡುತ್ತಾರೆ. ಅದನ್ನು ಕೀಳಿಸಬೇಕು ಎಂದು ಯಾರಾದರೂ ಹೇಳಿದರೆ ಇನ್ನೊಂದು ಭಯ ಅಡ್ಡ ಬರುತ್ತದೆ: ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದಂತೆ. ನಮ್ಮ ಹಳ್ಳಿಗಳಲ್ಲೂ ಪೇಟೆಗಳಲ್ಲೂ ಇನ್ನೂ ಬದುಕಿರುವ ನಂಬಿಕೆ ಇದು, ಮತ್ತು ಪೂರ್ತಿ ಸುಳ್ಳು. ಕಣ್ಣಿನ ನರಕ್ಕೂ ಹಲ್ಲಿನ ನರಕ್ಕೂ ನೆಂಟಸ್ತಿಕೆಯಿಲ್ಲ. ನಿಜವಾದ ಅಪಾಯ ಇರುವುದು ಹಲ್ಲು ಕೀಳುವುದರಲ್ಲಿ ಅಲ್ಲ, ಸುಮ್ಮನಿರುವುದರಲ್ಲಿ. ದಾರಿ ತಪ್ಪಿದ ಕೋರೆ ಪಕ್ಕದ ಬಾಚಿ ಹಲ್ಲಿನ ಬೇರನ್ನು ಒತ್ತುತ್ತ ಸದ್ದಿಲ್ಲದೆ ಕರಗಿಸುತ್ತದೆ. ಸ್ವೀಡನ್ನಿನ ಯೋನ್‌ಶೋಪಿಂಗ್‌ನ ಎರಿಕ್ಸನ್ ಮತ್ತು ಕುರೋಲ್ ಎಂಬ ಇಬ್ಬರು ದಂತವೈದ್ಯರು ಇಂಥ ಮಕ್ಕಳ ದವಡೆಗಳನ್ನು ಸಿಟಿ ಸ್ಕ್ಯಾನ್ ಮಾಡಿ 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಬಾಚಿ ಹಲ್ಲಿನ ಬೇರು ಸ್ವಲ್ಪವಾದರೂ ಸವೆದಿತ್ತು. ಮಾಮೂಲಿ ಎಕ್ಸ್‌ರೇಯಲ್ಲಿ ಅದರಲ್ಲಿ ಎಷ್ಟೋ ಕಂಡಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ವೈದ್ಯರ ಮುಂದೆ ಇರುವ ದಾರಿಗಳು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು. ಮೊದಲ ಮೆಟ್ಟಿಲು ಅತಿ ಸುಲಭ: ಹತ್ತರಿಂದ ಹದಿಮೂರರ ನಡುವೆ ಹಾಲು ಕೋರೆಯನ್ನು ಕಿತ್ತು, ಶಾಶ್ವತ ಹಲ್ಲಿಗೆ ದಾರಿ ಬಿಟ್ಟುಕೊಡುವುದು. ಅದೇ ಎರಿಕ್ಸನ್ ಮತ್ತು ಕುರೋಲ್ 1988ರಲ್ಲಿ ತೋರಿಸಿದಂತೆ, ಅಂಗುಳಿನ ಕಡೆ ವಾಲಿದ್ದ 46 ಕೋರೆಗಳ ಪೈಕಿ 36 ಇಷ್ಟರಿಂದಲೇ ನೆಟ್ಟಗಾಗಿ ದಾರಿಗೆ ಬಂದವು. ನೂರಕ್ಕೆ 78. ಪಕ್ಕದ ಬಾಚಿ ಹಲ್ಲಿನ ಬೇರನ್ನು ಕೋರೆ ಅರ್ಧಕ್ಕಿಂತ ಹೆಚ್ಚು ದಾಟಿ ಹೋಗಿಲ್ಲದಿದ್ದರೆ ಫಲ ಇನ್ನೂ ಒಳ್ಳೆಯದು, ದಾಟಿದ್ದರೆ ಕಡಿಮೆ. ಐದು ನಿಮಿಷದ ಕೆಲಸ, ಒಂದು ಚುಚ್ಚುಮದ್ದು. ಆದರೆ ಇದು ಆಗಬೇಕಾದರೆ ಹತ್ತನೇ ವಯಸ್ಸಿನಲ್ಲಿ ಯಾರಾದರೂ ನೋಡಿರಬೇಕು.

ಎರಡನೇ ಮೆಟ್ಟಿಲು ಎಳೆದು ತರುವುದು. ವಸಡು ಮತ್ತು ಎಲುಬನ್ನು ಸ್ವಲ್ಪ ತೆರೆದು, ಸಿಕ್ಕಿಕೊಂಡ ಹಲ್ಲಿನ ತಲೆಗೆ ಒಂದು ಗುಂಡಿ ಅಂಟಿಸಿ, ಅದಕ್ಕೆ ಸಣ್ಣ ಸರಪಣಿ ಕಟ್ಟಿ, ನಾವು ಕ್ಲಿಪ್ ಎನ್ನುವ ತಂತಿಯ ಬಲದಿಂದ ತಿಂಗಳಿಗೆ ಇಷ್ಟಿಷ್ಟೇ ಎಂದು ಜಾಗಕ್ಕೆ ತರುತ್ತಾರೆ. ಒಂದೂವರೆ ವರ್ಷದಿಂದ ಎರಡು ಮೂರು ವರ್ಷ ಹಿಡಿಯುವ ಕೆಲಸ. ಜಗತ್ತಿನಾದ್ಯಂತ ಸಿಕ್ಕಿಕೊಂಡ ಕೋರೆಗಳಲ್ಲಿ ಬಹುಪಾಲು ಬಾಯಿಗೆ ಬರುವುದು ಹೀಗೆಯೇ, ಮತ್ತು ಸಾಧ್ಯವಿದ್ದಲ್ಲೆಲ್ಲ ಇದೇ ಒಳ್ಳೆಯ ದಾರಿ. ಹಲ್ಲು ತನ್ನ ನರ, ರಕ್ತ, ಬೇರಿನ ಹೊದಿಕೆ ಎಲ್ಲವನ್ನೂ ಉಳಿಸಿಕೊಂಡೇ ಬರುತ್ತದೆ.

ಕೆಲವು ಹಲ್ಲುಗಳು ಇದಕ್ಕೂ ಬಗ್ಗುವುದಿಲ್ಲ. ತೀರ ಮೇಲೆ ಇರುತ್ತವೆ, ಪೂರ್ತಿ ಅಡ್ಡ ಮಲಗಿರುತ್ತವೆ, ಎಳೆಯಲು ಹೋದರೆ ಪಕ್ಕದ ಬೇರಿಗೆ ಹಾಯುವಂತಿರುತ್ತವೆ. ಅಲ್ಲಿ ಬರುತ್ತದೆ ಮೂರನೇ ಮೆಟ್ಟಿಲು, ಹಲ್ಲಿನ ಕಸಿ. ಸಿಕ್ಕಿಕೊಂಡ ಹಲ್ಲನ್ನು ಇಡಿಯಾಗಿ ಹೊರತೆಗೆದು, ಅದೇ ಬಾಯಲ್ಲಿ ಅದು ಇರಬೇಕಾದ ಜಾಗದಲ್ಲಿ ಗುಳಿ ಮಾಡಿ, ಅಲ್ಲಿ ಕೂರಿಸುವುದು. ಎರಡು ವರ್ಷದ ದಾರಿಯನ್ನು ಒಂದೇ ದಿನದಲ್ಲಿ ದಾಟಿಸುವ ಕೆಲಸ. ಕೇಳಲು ಇಷ್ಟು ಸರಳವಾಗಿದ್ದರೂ ಗೆಲ್ಲುವುದೋ ಸೋಲುವುದೋ ಎನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು, ಬೇರಿನ ಮೇಲಿನ ತೆಳುವಾದ ಹೊದಿಕೆ. ಇನ್ನೊಂದು, ಬೇರಿನ ವಯಸ್ಸು.

ಹೊದಿಕೆಯ ಮಾತು ಮೊದಲು. ಹಲ್ಲು ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ಒಂದು ಜೀವಂತ ಪದರ ಇದೆ. ನಾರುಗಳು, ರಕ್ತನಾಳಗಳು, ನರದ ಎಳೆಗಳು, ಕೋಶಗಳು ತುಂಬಿದ ಪದರ. ವೈದ್ಯರು ಪೆರಿಯೊಡಾಂಟಲ್ ಲಿಗಮೆಂಟ್ ಎನ್ನುತ್ತಾರೆ. ಅನ್ನದಲ್ಲಿ ಕಲ್ಲು ಸಿಕ್ಕಿದ ಕ್ಷಣವೇ ದವಡೆ ತಾನಾಗಿ ನಿಲ್ಲುವುದು ಈ ಪದರದಿಂದ. ಕ್ಲಿಪ್ ಹಾಕಿದಾಗ ಹಲ್ಲು ಸರಿಯುವುದೂ ಇದರಿಂದಲೇ. ಕಸಿಯಲ್ಲಿ ಈ ಪದರದ ಅರ್ಧ ಬೇರಿಗೆ ಅಂಟಿಕೊಂಡು ಹಲ್ಲಿನ ಜೊತೆ ಬರುತ್ತದೆ. ಅದರ ಕೋಶಗಳು ಬದುಕಿದ್ದರೆ ಹೊಸ ಗುಳಿಯಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ನಾರು ಹೆಣೆದುಕೊಳ್ಳುತ್ತವೆ. ಸತ್ತಿದ್ದರೆ, ಎಲುಬು ಬೇರನ್ನು ತನ್ನದೇ ಭಾಗ ಎಂದುಕೊಂಡು ಅಪ್ಪಿಬಿಡುತ್ತದೆ. ಎಲುಬು ಸದಾ ತನ್ನನ್ನು ತಾನು ಕೆಡವಿ ಕಟ್ಟಿಕೊಳ್ಳುವ ಅಂಗಾಂಶ. ಅದೇ ಅಭ್ಯಾಸದಲ್ಲಿ ಬೇರನ್ನೂ ಕೆಡವುತ್ತ, ಆ ಜಾಗಕ್ಕೆ ಎಲುಬು ತುಂಬುತ್ತ ಹೋಗುತ್ತದೆ. ಇಂಥ ಹಲ್ಲನ್ನು ಉಪಕರಣದ ಹಿಡಿಯಿಂದ ಮೆಲ್ಲನೆ ತಟ್ಟಿದರೆ ಮಂದ ಸದ್ದಿನ ಬದಲು ಲೋಹ ತಟ್ಟಿದ ಹಾಗೆ ಗಟ್ಟಿ ಸದ್ದು ಬರುತ್ತದೆ. ಅನುಭವಿ ವೈದ್ಯರಿಗೆ ಎಕ್ಸ್‌ರೇಗಿಂತ ಮೊದಲೇ ಆ ಸದ್ದು ವಿಷಯ ತಿಳಿಸಿರುತ್ತದೆ.

ಈ ತಿಳಿವಳಿಕೆಯ ಬಹುಪಾಲು ಬಂದದ್ದು ಕೋಪನ್‌ಹೇಗನ್‌ನಿಂದ. ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಯೆನ್ಸ್ ಆಂದ್ರೆಯಾಸೆನ್, ಪೆಟ್ಟು ತಿಂದ ಹಲ್ಲುಗಳನ್ನೇ ಜೀವನದ ಅಧ್ಯಯನವಾಗಿಸಿಕೊಂಡವರು. ಹಲ್ಲು ಬಾಯಿಯ ಹೊರಗೆ ಒಣಗುತ್ತ ಕಳೆಯುವ ಪ್ರತಿ ನಿಮಿಷವೂ ಆ ಪದರದ ಕೋಶಗಳನ್ನು ಕೊಲ್ಲುತ್ತದೆ, ಒಂದು ಗಂಟೆ ಒಣಗಿದರೆ ಹೆಚ್ಚುಕಡಿಮೆ ಎಲ್ಲವೂ ಸತ್ತಂತೆ ಎಂಬುದು ಅವರಂಥವರ ಪ್ರಯೋಗಗಳಿಂದ ಸ್ಪಷ್ಟವಾಯಿತು. ಹಾಗಾಗಿ ಇಂದು ಕಸಿ ಮಾಡುವವರು ಹಲ್ಲನ್ನು ತಲೆಯ ಭಾಗದಲ್ಲಷ್ಟೇ ಹಿಡಿಯುತ್ತಾರೆ, ಬೇರಿಗೆ ಬೆರಳು ಸೋಕಿಸುವುದಿಲ್ಲ. ಹೊಸ ಗುಳಿ ತಯಾರಾಗುವವರೆಗೆ ಹಲ್ಲನ್ನು ಅದರ ಹಳೆಯ ಗೂಡಿನಲ್ಲೇ ಇಟ್ಟಿರುತ್ತಾರೆ.

ಮುಂಚೆ ಗುಳಿ ಸರಿಹೊಂದುತ್ತದೋ ಇಲ್ಲವೋ ಎಂದು ಹಲ್ಲನ್ನೇ ಇಟ್ಟು ತೆಗೆದು, ಇಟ್ಟು ತೆಗೆದು ನೋಡುತ್ತಿದ್ದರು. ಪ್ರತಿ ಸಲವೂ ಪದರ ಉಜ್ಜಿಹೋಗುತ್ತಿತ್ತು. ಈಗ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್‌ನಿಂದ ಹಲ್ಲಿನ ಅಳತೆ ತೆಗೆದು, ಅದರ ಪಡಿಯಚ್ಚನ್ನು ತ್ರಿಡಿ ಪ್ರಿಂಟರಿನಲ್ಲಿ ಮೊದಲೇ ಮಾಡಿಟ್ಟುಕೊಳ್ಳುತ್ತಾರೆ. ಗುಳಿಯನ್ನು ಆ ಪಡಿಯಚ್ಚಿಗೆ ಹೊಂದಿಸಿ, ಕೊನೆಗೆ ನಿಜವಾದ ಹಲ್ಲನ್ನು ಒಂದೇ ಸಲಕ್ಕೆ ಕೂರಿಸಿಬಿಡಬಹುದು. ಹಲ್ಲು ಹೊರಗಿರುವ ಹೊತ್ತು ನಿಮಿಷಗಳಿಗೆ ಇಳಿಯುತ್ತದೆ. ಕೊರೆಯುವಾಗ ಎಲುಬು ಕಾಯಬಾರದೆಂದು ಲವಣದ ನೀರು ಹಾಯಿಸುತ್ತಲೇ ಇರುತ್ತಾರೆ. ಕೂರಿಸಿದ ಮೇಲೆ ಬಿಗಿಯಾಗಿ ಕಟ್ಟುವಂತಿಲ್ಲ: ಹೊಲಿಗೆಯಿಂದಲೋ ಬಳುಕುವ ತಂತಿಯಿಂದಲೋ ಒಂದೆರಡು ವಾರ ಹಿಡಿದಿಟ್ಟರೆ ಸಾಕು. ಸ್ವಲ್ಪ ಅಲುಗಾಡುವುದೇ ಒಳ್ಳೆಯದು. ಅಲುಗಾಡದಂತೆ ಬಿಗಿದರೆ ಎಲುಬು ಬೇರಿಗೆ ಅಂಟಿಕೊಳ್ಳುವ ಅಪಾಯ ಹೆಚ್ಚು.

ಇನ್ನು ಬೇರಿನ ವಯಸ್ಸು. ಭತ್ತ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಟ್ಟಲಿನಿಂದ ಕಿತ್ತ ಸಸಿ ಮೂರು ನಾಲ್ಕು ವಾರದ್ದಾಗಿದ್ದರೆ ಗದ್ದೆಯಲ್ಲಿ ಬೇಗ ಬೇರು ಹಿಡಿದು ತೆಂಡೆ ಒಡೆಯುತ್ತದೆ. ಬಲಿತ ಸಸಿ ನಾಟಿದರೆ ಬದುಕುತ್ತದೆ, ಆದರೆ ಸೊರಗಿರುತ್ತದೆ. ಹಲ್ಲಿನ ಲೆಕ್ಕವೂ ಹೀಗೆಯೇ. ಬೇರು ಪೂರ್ತಿ ಉದ್ದದ ಮೂರನೇ ಎರಡರಿಂದ ನಾಲ್ಕನೇ ಮೂರರಷ್ಟು ಬೆಳೆದಿದ್ದು, ತುದಿ ಇನ್ನೂ ತೆರೆದಿರುವಾಗ ಕಸಿ ಮಾಡಿದರೆ ಆ ತೆರೆದ ತುದಿಯಿಂದ ಹೊಸ ರಕ್ತನಾಳಗಳು ಒಳಗೆ ನುಗ್ಗುತ್ತವೆ. ಹಲ್ಲಿನ ಒಳಗಿನ ತಿರುಳು ಮತ್ತೆ ಜೀವ ಹಿಡಿಯುತ್ತದೆ, ಬೇರೂ ಇನ್ನಷ್ಟು ಬೆಳೆಯುತ್ತದೆ. ಕೆಲವು ತಿಂಗಳಲ್ಲಿ ಹಲ್ಲಿಗೆ ತಣ್ಣಗಿನ ಅರಿವು ಮರಳುತ್ತದೆ. ಮುಂದೆ ಎಕ್ಸ್‌ರೇಯಲ್ಲಿ ಒಳಗಿನ ನಾಳ ಗಟ್ಟಿ ಅಂಗಾಂಶದಿಂದ ತುಂಬಿಕೊಳ್ಳುತ್ತಿರುವುದು ಕಾಣುತ್ತದೆ. ಗಾಬರಿ ಬೇಡ, ತಿರುಳು ಬದುಕಿದೆ ಎನ್ನುವುದರ ಗುರುತು ಅದು. ಬೇರು ಇನ್ನೂ ತೀರ ಗಿಡ್ಡದಾಗಿರುವಾಗ ಕಿತ್ತರೆ ಬೇರು ಬೆಳೆಸುವ ಎಳೆಯ ಅಂಚಿಗೇ ಪೆಟ್ಟು ಬಿದ್ದು ಹಲ್ಲು ಗಿಡ್ಡವಾಗಿಯೇ ಉಳಿಯಬಹುದು. ತುದಿ ಮುಚ್ಚಿದ ಮೇಲೆ ಕಿತ್ತರೆ ರಕ್ತ ಒಳಗೆ ಹೋಗಲು ಬಾಗಿಲೇ ಇರುವುದಿಲ್ಲ.

ಆಂದ್ರೆಯಾಸೆನ್ ತಂಡ 1990ರಲ್ಲಿ ಪ್ರಕಟಿಸಿದ 370 ಕಸಿ ಹಲ್ಲುಗಳ ಅಧ್ಯಯನ ಇದನ್ನು ಅಂಕಿಗಳಲ್ಲೇ ಹೇಳುತ್ತದೆ. ಅವೆಲ್ಲ ಪ್ರಿಮೋಲರ್‌ಗಳು, ಅಂದರೆ ಕೋರೆಗೂ ದೊಡ್ಡ ದವಡೆ ಹಲ್ಲಿಗೂ ನಡುವಿನ ಸಣ್ಣ ದವಡೆ ಹಲ್ಲುಗಳು. ಬೇರಿನ ತುದಿ ತೆರೆದಿದ್ದ ಹಲ್ಲುಗಳಲ್ಲಿ ನೂರಕ್ಕೆ 96ರ ತಿರುಳು ಮತ್ತೆ ಜೀವ ಹಿಡಿಯಿತು. ಬೇರು ಪೂರ್ತಿಯಾಗಿದ್ದವುಗಳಲ್ಲಿ ನೂರಕ್ಕೆ 15 ಮಾತ್ರ. ಆದರೆ ಹಲ್ಲು ಬಾಯಲ್ಲಿ ಉಳಿಯಿತೇ ಎಂದು ಕೇಳಿದರೆ ಎರಡೂ ಗುಂಪಿನಲ್ಲಿ ನೂರಕ್ಕೆ 95ಕ್ಕೆ ಕಡಿಮೆಯಿರಲಿಲ್ಲ. ಬಲಿತ ಬೇರಿನ ಹಲ್ಲನ್ನು ಕಸಿ ಮಾಡಲೇಬಾರದು ಎಂದು ಇದರ ಅರ್ಥವಲ್ಲ. ಮಾಡಬಹುದು, ಆದರೆ ಒಂದೆರಡು ವಾರದೊಳಗೆ ರೂಟ್ ಕೆನಾಲ್ ಮಾಡಿ ಸತ್ತ ತಿರುಳನ್ನು ತೆಗೆಯಬೇಕು. ಬಿಟ್ಟರೆ ಅಲ್ಲಿ ಸೋಂಕು ಹುಟ್ಟಿ ಬೇರನ್ನು ಬೇಗನೆ ತಿನ್ನುತ್ತದೆ.

ಇದಕ್ಕಿಂತ ಹಿಂದಿನ ಕಥೆ ನಾರ್ವೆಯದು. ಓಸ್ಲೋದಲ್ಲಿ ಸ್ಲಾಗ್ಸ್‌ವೊಲ್ಡ್ ಮತ್ತು ಬ್ಯರ್ಕೆ ಎಂಬ ವೈದ್ಯರು, ಹುಟ್ಟಿನಿಂದಲೇ ಕೆಲವು ಹಲ್ಲುಗಳಿಲ್ಲದ ಮಕ್ಕಳಿಗೆ ಅದೇ ಬಾಯಿಯ ಬೇರೆ ಪ್ರಿಮೋಲರ್‌ಗಳನ್ನು ಎಳೆಯ ಬೇರಿರುವಾಗಲೇ ಸ್ಥಳಾಂತರಿಸುವ ಕ್ರಮವನ್ನು ಬೆಳೆಸಿದರು. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಕರೆಸಿ ಪರೀಕ್ಷಿಸಿದ ವರದಿಯೊಂದು 2002ರಲ್ಲಿ ಬಂತು. ಕಸಿಯಾಗಿ 17ರಿಂದ 41 ವರ್ಷ ಕಳೆದಿದ್ದ 33 ಹಲ್ಲುಗಳಲ್ಲಿ ನೂರಕ್ಕೆ 90 ಬಾಯಲ್ಲೇ ಇದ್ದವು. ಎಲ್ಲ ಅಳತೆಗೋಲಿನಲ್ಲೂ ಸರಿಯಾಗಿದ್ದವು ನೂರಕ್ಕೆ 79. ಹನ್ನೊಂದು ಹನ್ನೆರಡರಲ್ಲಿ ಜಾಗ ಬದಲಿಸಿದ ಹಲ್ಲಿನಲ್ಲಿ ಐವತ್ತನೇ ವಯಸ್ಸಿನಲ್ಲೂ ಊಟ ಮಾಡುತ್ತಿದ್ದವರಿದ್ದರು.

ಒಬ್ಬರ ಹಲ್ಲನ್ನು ಇನ್ನೊಬ್ಬರಿಗೆ ಹಾಕುವ ಹುಚ್ಚು ಇದಕ್ಕಿಂತ ಇನ್ನೂರು ವರ್ಷ ಹಳೆಯದು. ಹದಿನೆಂಟನೇ ಶತಮಾನದ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರ್, ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ಅದು ಹಿಡಿಯುತ್ತದೆ ಎಂದು ತೋರಿಸಿದ್ದ. ಆ ಮಾದರಿ ಈಗಲೂ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂನಲ್ಲಿದೆ. ಅವನ ಮಾತಿನ ಬಲದಿಂದ ಶ್ರೀಮಂತರು ಬಡ ಮಕ್ಕಳ ಬಾಯಿಂದ ಹಲ್ಲು ಕೊಂಡು ಹಾಕಿಸಿಕೊಳ್ಳತೊಡಗಿದರು. ವ್ಯಂಗ್ಯಚಿತ್ರಕಾರ ಥಾಮಸ್ ರೋಲಂಡ್‌ಸನ್ 1787ರ ಚಿತ್ರವೊಂದರಲ್ಲಿ ಈ ವ್ಯಾಪಾರವನ್ನೇ ಲೇವಡಿ ಮಾಡಿದ್ದಾನೆ. ಪರರ ಅಂಗಾಂಶವನ್ನು ದೇಹ ಒಪ್ಪುವುದಿಲ್ಲ ಎಂಬ ತಿಳಿವಳಿಕೆ ಆಗ ಇರಲಿಲ್ಲ. ಕೆಲವು ವರ್ಷಗಳಲ್ಲಿ ಬೇರು ಕರಗಿ ಹಲ್ಲು ಬೀಳುತ್ತಿತ್ತು, ನಡುವೆ ಸಿಫಿಲಿಸ್‌ನಂಥ ಕಾಯಿಲೆಯೂ ದಾಟುತ್ತದೆಂಬ ಭಯ ಹಬ್ಬಿ ಆ ಹುಚ್ಚು ಇಳಿಯಿತು. ಇಂದು ಕಸಿ ಎಂದರೆ ಅವರವರ ಹಲ್ಲು ಅವರವರಿಗೇ. ದೇಹ ತಿರಸ್ಕರಿಸುವ ಪ್ರಶ್ನೆ ಬರುವುದಿಲ್ಲ, ಜೀವನವಿಡೀ ನುಂಗಬೇಕಾದ ಮಾತ್ರೆಗಳೂ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಸಿಕ್ಕಿಬಿದ್ದ ಕೋರೆಯನ್ನೆಲ್ಲ ಕಸಿ ಮಾಡಿಬಿಡಬಹುದಲ್ಲ ಎನ್ನಿಸಬಹುದು. ಇಲ್ಲಿ ತುಸು ತಡೆಯಬೇಕು. ಮೇಲಿನ ಹೊಳೆಯುವ ಅಂಕಿಗಳೆಲ್ಲ ಪ್ರಿಮೋಲರ್‌ನವು: ಚಿಕ್ಕ ಬೇರು, ಎಟುಕುವ ಜಾಗ, ಸರಿಯಾದ ವಯಸ್ಸು. ಕೋರೆಯದು ಬಾಯಲ್ಲೇ ಅತಿ ಉದ್ದದ ಬೇರು. ಎಲುಬಿನ ಆಳದಲ್ಲಿ ಅಡ್ಡ ಮಲಗಿದ್ದನ್ನು ಬೇರಿಗೆ ಗೀರು ಬೀಳದಂತೆ ಎತ್ತುವುದು ಪಳಗಿದ ಕೈಗೂ ಕಷ್ಟ. ಜೊತೆಗೆ, ಸಮಸ್ಯೆ ಗೊತ್ತಾಗುವ ಹೊತ್ತಿಗೆ ಮಗುವಿಗೆ ಹದಿನೈದು ಹದಿನಾರಾಗಿ ಬೇರಿನ ತುದಿ ಮುಚ್ಚಿರುತ್ತದೆ. ಕಸಿ ಮಾಡಿದ 63 ಮೇಲ್ದವಡೆ ಕೋರೆಗಳನ್ನು ಹಿಂಬಾಲಿಸಿ 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಸರಾಸರಿ ಹದಿನಾಲ್ಕೂವರೆ ವರ್ಷದ ನಂತರ ನೂರಕ್ಕೆ 83 ಹಲ್ಲುಗಳು ಬಾಯಲ್ಲಿದ್ದವು, ಆದರೆ ಪೂರ್ತಿ ಯಶಸ್ವಿ ಎನ್ನಬಹುದಾದದ್ದು ನೂರಕ್ಕೆ 38 ಮಾತ್ರ. ಉಳಿಯುವುದು ಬೇರೆ, ಚೆನ್ನಾಗಿ ಉಳಿಯುವುದು ಬೇರೆ. ಕೋರೆಯ ಕಸಿಯನ್ನು ಮೂರನೇ ಮೆಟ್ಟಿಲಿನಲ್ಲಿ ಇಟ್ಟದ್ದು ಇದಕ್ಕೇ. ಎಳೆದು ತರಬಹುದಾದ ಹಲ್ಲನ್ನು ಬೇಗ ಮುಗಿಯಲಿ ಎಂಬ ಅವಸರಕ್ಕೆ ಕಸಿ ಮಾಡುವುದು ಜಾಣತನವಲ್ಲ.

ಕೋರೆಯನ್ನು ಉಳಿಸಿಕೊಳ್ಳಲು ಸಾಧ್ಯವೇ ಇಲ್ಲ ಎಂದಾದರೂ ಕಸಿಗೆ ಇನ್ನೊಂದು ಬಾಗಿಲಿದೆ. ಹಲ್ಲು ಒತ್ತೊತ್ತಾಗಿ ಬೆಳೆದ ಮಕ್ಕಳಿಗೆ ಕ್ಲಿಪ್ ಹಾಕುವ ಮುಂಚೆ ಜಾಗ ಮಾಡಲು ಎರಡೋ ನಾಲ್ಕೋ ಪ್ರಿಮೋಲರ್‌ಗಳನ್ನು ಕೀಳಿಸುವುದು ನಮ್ಮಲ್ಲಿ ದಿನನಿತ್ಯದ ಮಾತು. ಕಿತ್ತ ಹಲ್ಲು ಕಸದ ಬುಟ್ಟಿಗೆ ಹೋಗುತ್ತದೆ. ಅದೇ ಮಗುವಿನ ಮುಂದವಡೆಯಲ್ಲಿ ಸೊಟ್ಟ ಬೇರಿನ ಬಾಚಿ ಹಲ್ಲೊಂದು ಬಾರದೇ ನಿಂತಿದ್ದರೆ, ಅಥವಾ ಸೈಕಲ್ಲಿನಿಂದ ಬಿದ್ದು ಹಲ್ಲು ಹೋಗಿದ್ದರೆ, ಆ ಪ್ರಿಮೋಲರ್ ಅಲ್ಲಿಗೆ ತಕ್ಕ ಹಲ್ಲು. ಹತ್ತರಿಂದ ಹದಿಮೂರರ ನಡುವೆ ಅದರ ಬೇರು ಕಸಿಗೆ ಹೇಳಿ ಮಾಡಿಸಿದ ಉದ್ದದಲ್ಲಿರುತ್ತದೆ. ಕೂರಿಸಿದ ಮೇಲೆ ಬಿಳಿ ಕಾಂಪೊಸಿಟ್‌ನಿಂದ ಬಾಚಿ ಹಲ್ಲಿನ ರೂಪ ಕೊಟ್ಟರೆ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ದವಡೆಯ ಹಿಂಬದಿಗೂ ಇದೇ ಉಪಾಯ ಉಂಟು. ಆರನೇ ವಯಸ್ಸಿಗೆ ಬರುವ ಮೊದಲ ದವಡೆ ಹಲ್ಲನ್ನು ಹಾಲು ಹಲ್ಲೆಂದೇ ತಿಳಿದು ನಿರ್ಲಕ್ಷಿಸಿ, ಹುಳುಕು ಹಿಡಿದು ಹದಿಹರೆಯದಲ್ಲೇ ಕೀಳಿಸಿಕೊಂಡವರು ನಮ್ಮಲ್ಲಿ ಬಹಳ. ಹದಿನೇಳು ಹದಿನೆಂಟರ ಹೊತ್ತಿಗೆ, ಹೇಗೂ ತೊಂದರೆ ಕೊಡಲಿರುವ ಬುದ್ಧಿ ಹಲ್ಲನ್ನು ಆ ಖಾಲಿ ಜಾಗಕ್ಕೆ ತರಬಹುದು.

ಅಷ್ಟು ಕಷ್ಟ ಯಾಕೆ, ಇಂಪ್ಲಾಂಟ್ ಹಾಕಿಸಿದರಾಯಿತಲ್ಲ ಎಂದು ಕೇಳುವವರೇ ಹೆಚ್ಚು. ದೊಡ್ಡವರಿಗೆ ಅದು ಸರಿ. ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ ಬ್ರೋನೆಮಾರ್ಕ್ 1965ರಲ್ಲಿ ಮನುಷ್ಯನ ದವಡೆಗೆ ಟೈಟೇನಿಯಂ ಬೇರನ್ನು ಕೂರಿಸಿದಾಗಿನಿಂದ ಅದು ದಂತವೈದ್ಯದ ದೊಡ್ಡ ಗೆಲುವು. ಆದರೆ ಅದೇ ಊರಿನ ಬಿರ್ಗಿಟ್ ಥಿಲಾಂಡರ್ ತಂಡ ಹದಿಹರೆಯದವರಲ್ಲಿ ಇಂಪ್ಲಾಂಟ್ ಹಾಕಿ ವರ್ಷಗಟ್ಟಲೆ ನೋಡಿದಾಗ ಕಂಡದ್ದೇನೆಂದರೆ, ಮಗುವಿನ ದವಡೆ ಬೆಳೆಯುತ್ತದೆ, ಅಕ್ಕಪಕ್ಕದ ಹಲ್ಲುಗಳು ಅದರ ಜೊತೆ ಇಳಿಯುತ್ತವೆ, ಇಂಪ್ಲಾಂಟ್ ಮಾತ್ರ ನೆಟ್ಟಲ್ಲೇ ನಿಂತು ಮೇಲೆ ಹುದುಗಿದಂತೆ ಕಾಣತೊಡಗುತ್ತದೆ. ಅದಕ್ಕೆ ಲಿಗಮೆಂಟ್ ಇಲ್ಲ, ಎಲುಬಿಗೆ ನೇರ ಅಂಟಿಕೊಂಡಿದೆ. ಹಾಗಾಗಿ ಬೆಳವಣಿಗೆ ನಿಲ್ಲುವವರೆಗೆ, ಅಂದರೆ ಹದಿನೆಂಟು ಇಪ್ಪತ್ತು ದಾಟುವವರೆಗೆ, ಮುಂದವಡೆಯಲ್ಲಂತೂ ಇನ್ನೂ ತಡವಾಗಿ, ಇಂಪ್ಲಾಂಟ್‌ಗೆ ಕಾಯಬೇಕು. ಹಲ್ಲಿಲ್ಲದ ಜಾಗದ ಎಲುಬು ಅಷ್ಟರಲ್ಲಿ ಸವೆದು ತೆಳುವಾಗಿರುತ್ತದೆ. ಕಸಿ ಮಾಡಿದ ಹಲ್ಲು ಹಾಗಲ್ಲ. ಅದರ ಲಿಗಮೆಂಟ್ ಜೀವಂತವಿದ್ದರೆ ದವಡೆಯ ಜೊತೆ ಬೆಳೆಯುತ್ತದೆ, ತನ್ನ ಸುತ್ತ ಎಲುಬನ್ನೂ ಕಟ್ಟಿಕೊಳ್ಳುತ್ತದೆ, ಕೆಲವು ತಿಂಗಳ ನಂತರ ಕ್ಲಿಪ್ಪಿನ ಮಾತನ್ನೂ ಕೇಳುತ್ತದೆ. ಒಂದು ವೇಳೆ ಹದಿನೈದು ವರ್ಷದ ಮೇಲೆ ಅದು ಸೋತರೂ, ಎಲುಬನ್ನು ಕಾದಿಟ್ಟು ಇಂಪ್ಲಾಂಟ್‌ಗೆ ಜಾಗ ಬಿಟ್ಟು ಹೋಗುವುದೇ ಹೆಚ್ಚು. ಹದಿಮೂರರಲ್ಲಿ ಕಸಿಯಾದ ಹಲ್ಲು ಮೂವತ್ತರವರೆಗೆ ಬಂದರೆ ಅದನ್ನು ಸೋಲು ಎನ್ನಲಾಗದು.

ಸೋಲುವ ಬಗೆಯನ್ನೂ ತಂದೆ ತಾಯಿ ಮೊದಲೇ ತಿಳಿದಿರಬೇಕು. ಮೊದಲ ವರ್ಷ ಪದೇ ಪದೇ ಪರೀಕ್ಷೆ, ಎಕ್ಸ್‌ರೇ, ಆಮೇಲೂ ವರ್ಷಕ್ಕೊಮ್ಮೆ. ಬೇರು ಎಲುಬಿಗೆ ಅಂಟಿಕೊಂಡರೆ ಬೆಳೆಯುವ ಮಗುವಿನಲ್ಲಿ ಆ ಹಲ್ಲು ಹಿಂದೆ ಬೀಳುತ್ತದೆ. ತಿರುಳು ಜೀವ ಹಿಡಿಯದಿದ್ದರೆ ಕೂಡಲೇ ರೂಟ್ ಕೆನಾಲ್ ಆಗಬೇಕು. ಕೇಳಬೇಕಾದ ಪ್ರಶ್ನೆಗಳು ಕೆಲವೇ: ಇದನ್ನು ಎಳೆದು ತರಲು ಏಕೆ ಆಗುವುದಿಲ್ಲ? ಬೇರು ಎಷ್ಟು ಬೆಳೆದಿದೆ, ತುದಿ ತೆರೆದಿದೆಯೇ? ಕೂರಿಸುವಷ್ಟು ಜಾಗ, ಎಲುಬು ಇದೆಯೇ? ಆಮೇಲೆ ನೋಡಿಕೊಳ್ಳುವವರು ಯಾರು? ಕೊನೆಯ ಪ್ರಶ್ನೆಯೇ ಮುಖ್ಯ, ಏಕೆಂದರೆ ಕಸಿ ಒಬ್ಬರ ಕೆಲಸವಲ್ಲ. ಹಲ್ಲು ಜೋಡಿಸುವ ಆರ್ಥೊಡಾಂಟಿಸ್ಟ್, ಶಸ್ತ್ರಚಿಕಿತ್ಸಕ, ರೂಟ್ ಕೆನಾಲ್ ತಜ್ಞ ಮೂವರೂ ಮೊದಲೇ ಕೂತು ಮಾತಾಡಿರಬೇಕು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂತೆ, ಮಣಿಪಾಲ, ಧಾರವಾಡಗಳ ಕಾಲೇಜುಗಳಂತೆ ಈ ಮೂರೂ ವಿಭಾಗಗಳು ಒಂದೇ ಸೂರಿನಡಿ ಇರುವ ಜಾಗಗಳು ಕರ್ನಾಟಕದಲ್ಲಿ ಹಲವಿವೆ. ಎಲ್ಲ ದಂತ ಚಿಕಿತ್ಸಾಲಯದಲ್ಲೂ ಇದು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಎಲ್ಲಿಗೆ ಕಳಿಸಬೇಕೆಂದು ಗೊತ್ತಿರುವ ವೈದ್ಯರು ಹತ್ತಿರದಲ್ಲಿದ್ದರೆ ಸಾಕು.

ಇದೇ ವಿಜ್ಞಾನದ ಒಂದು ತುಣುಕು ಎಲ್ಲ ಮನೆಗೂ ಬೇಕಾದದ್ದು. ಆಟದ ಬಯಲಿನಲ್ಲಿ ಪೆಟ್ಟಾಗಿ ಮಗುವಿನ ಶಾಶ್ವತ ಹಲ್ಲು ಬೇರು ಸಮೇತ ಹೊರಬಿದ್ದರೆ, ಅದೂ ಒಂದು ಅನಿರೀಕ್ಷಿತ ಕಸಿಯೇ. ಬೇರನ್ನು ಮುಟ್ಟದೆ ತಲೆಯ ಭಾಗ ಹಿಡಿದು, ಮಣ್ಣಾಗಿದ್ದರೆ ಕ್ಷಣ ಹೊತ್ತು ತೊಳೆದು, ಸಾಧ್ಯವಾದರೆ ಅಲ್ಲೇ ಗುಳಿಯೊಳಗೆ ಕೂರಿಸಿ ಬಟ್ಟೆ ಕಚ್ಚಿಸಬೇಕು. ಆಗದಿದ್ದರೆ ಹಾಲಿನಲ್ಲಿ ಹಾಕಿ ಓಡಬೇಕು. ಕಾಗದದಲ್ಲೋ ಕರವಸ್ತ್ರದಲ್ಲೋ ಸುತ್ತಿ ಒಯ್ದರೆ, ಉಜ್ಜಿ ಉಜ್ಜಿ ತೊಳೆದರೆ, ಆ 0.2 ಮಿಲಿಮೀಟರ್ ಪದರ ದಾರಿಯಲ್ಲೇ ಸತ್ತಿರುತ್ತದೆ. ಹಾಲು ಹಲ್ಲು ಬಿದ್ದರೆ ಮಾತ್ರ ಮರಳಿ ಕೂರಿಸಬಾರದು, ಮೇಲಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ.

ಕಸಿಯ ಕಥೆ ಎಷ್ಟೇ ರೋಚಕವಾಗಿದ್ದರೂ, ಅದು ಬೇಕಾಗದಂತೆ ನೋಡಿಕೊಳ್ಳುವುದೇ ಲಾಭದ ಕೆಲಸ. ಮಗುವಿಗೆ ಒಂಬತ್ತು ಹತ್ತಾದಾಗ ಮೇಲ್ದವಡೆಯ ಹೊರಬದಿಯಲ್ಲಿ, ಹಾಲು ಕೋರೆಯ ಬೇರಿನ ಮೇಲ್ಭಾಗದ ವಸಡಿನ ಮೇಲೆ ಬೆರಳಾಡಿಸಿದರೆ ಒಂದು ಉಬ್ಬು ಸಿಗಬೇಕು. ಎರಡೂ ಬದಿಯಲ್ಲಿ ಸಿಕ್ಕರೆ ಸರಿ. ಒಂದೇ ಬದಿ ಸಿಕ್ಕರೆ, ಅಥವಾ ಹನ್ನೊಂದಾದರೂ ಎಲ್ಲೂ ಸಿಗದಿದ್ದರೆ ದಂತವೈದ್ಯರಿಗೆ ತೋರಿಸಿ ಎಕ್ಸ್‌ರೇ ತೆಗೆಸಬೇಕು. ಇದಕ್ಕೆ ಯಂತ್ರ ಬೇಡ, ಅರ್ಧ ನಿಮಿಷ ಸಾಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗಳಿಗೆ ಬಂದು ಮಕ್ಕಳ ಬಾಯಿ ತೆರೆಸಿ ಹುಳುಕು ಹಲ್ಲನ್ನು ಹುಡುಕುತ್ತವೆ. ನಾಲ್ಕನೇ, ಐದನೇ ತರಗತಿಯ ಮಕ್ಕಳಲ್ಲಿ ಅದೇ ಹೊತ್ತಿಗೆ ಈ ಉಬ್ಬನ್ನೂ ಮುಟ್ಟಿ ನೋಡುವಂತಾದರೆ ಹೆಚ್ಚಿನ ಖರ್ಚಿಲ್ಲದೆ ಎಷ್ಟೋ ಕೋರೆಗಳು ಮೊದಲ ಮೆಟ್ಟಿಲಿನಲ್ಲೇ ದಾರಿಗೆ ಬರುತ್ತವೆ. ಉಳಿದ ಕೆಲವರಿಗೆ ಕಸಿ ಬೇಕಾದರೂ, ಅವರು ಶಸ್ತ್ರಚಿಕಿತ್ಸಕರ ಮುಂದೆ ಕೂರುವುದು ಬೇರು ಎಳೆಯದಾಗಿರುವಾಗ. ಸ್ಕ್ಯಾನ್, ಪಡಿಯಚ್ಚು, ಪಳಗಿದ ಕೈ ಇವೆಲ್ಲ ನಮ್ಮ ಊರುಗಳಿಗೆ ಬಂದಾಗಿದೆ. ಇನ್ನು ಬರಬೇಕಾಗಿರುವುದು ಹತ್ತನೇ ವಯಸ್ಸಿನಲ್ಲಿ ಒಮ್ಮೆ ಬೆರಳಾಡಿಸಿ ನೋಡುವ ಅಭ್ಯಾಸ.